ಸಹಿಗೆ ಮುಂಚಿನ ಕಡತ

"ಸಂಘಕ್ಕೆ ಕಂಪ್ಯೂಟರ್ ಬಂತಲ್ಲ, ಇನ್ನು ಆಡಿಟರಿಗೆ ಪ್ಲಾನು, ಫೈಲು ಅಂತ ಯಾಕೆ? ಬಟನ್ ಒತ್ತಿದರೆ ತಾಳೆ ಆಗುತ್ತೆ." ದಂಡಿನಶಿವರದ ಕಡೆಯ ಸಹಕಾರಿಯೊಬ್ಬರ ಮಾತಿದು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ಈ ಭಾವನೆ ಬಲವಾಗಿದೆ. ನಾನು ಒಪ್ಪುವುದಿಲ್ಲ. ಕೂಡಿ ಕಳೆಯುವುದನ್ನು ಯಂತ್ರಕ್ಕೆ ಬಿಡೋಣ. ಎಲ್ಲಿ ಅನುಮಾನ ಪಡಬೇಕು, ಯಾವ ದಿನ ಹೋಗಿ ನೋಡಬೇಕು ಎಂದು ಮೊದಲೇ ತೀರ್ಮಾನಿಸಿ, ಕಂಡದ್ದನ್ನು ಬರೆದಿಡದ ಲೆಕ್ಕಪರಿಶೋಧನೆ ಬರೀ ಸಹಿ.

ಕೊಬ್ಬರಿಯನ್ನೇ ತೆಗೆದುಕೊಳ್ಳಿ. ನಮ್ಮ ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಸಿಪ್ಪೆಸಮೇತ ಹೆಚ್ಚುಕಡಿಮೆ ವರ್ಷ ಅಟ್ಟದ ಮೇಲಿರಬೇಕು. ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಚೀಲಕ್ಕೆ ತುಂಬಿದ ಮೇಲೂ ತೇವ ಆರಿ ತೂಕ ಇಳಿಯುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಇಂಥ ಸರಕನ್ನು ಒತ್ತೆ ಇಟ್ಟುಕೊಂಡು ಸಾಲ ಕೊಟ್ಟ ಸಂಘದ ಪುಸ್ತಕದಲ್ಲಿ ಮಾರ್ಚ್ 31ಕ್ಕೆ ಇಷ್ಟು ಕ್ವಿಂಟಲ್ ಎಂದಿರುತ್ತದೆ. ಆಗಸ್ಟಿನಲ್ಲಿ ಬಂದ ಪರಿಶೋಧಕರು ಏನನ್ನು ನೋಡಿಯಾರು? ಚೀಲ ಮಾರಾಟವಾಗಿರುತ್ತದೆ, ಧಾರಣೆ ಬದಲಾಗಿರುತ್ತದೆ, ಗೋದಾಮಿನಲ್ಲಿ ಗೊಬ್ಬರ ತುಂಬಿರುತ್ತದೆ. 2024ರ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಹತ್ತು ಕ್ವಿಂಟಲ್ ಕಡಿಮೆ ಬಿದ್ದರೆ ಸದಸ್ಯರ 1.2 ಲಕ್ಷ ಹೋದಂತೆ. ಹಾಗಾಗಿ ಮಾರ್ಚಿಗೆ ಮೊದಲೇ ಯೋಚಿಸಿ, ಆ ದಿನ ಗೋದಾಮಿನ ಬಾಗಿಲಲ್ಲಿ ನಿಂತಿರಬೇಕು. ಯಾವ ತಕ್ಕಡಿ, ಎಷ್ಟು ಚೀಲ ತೂಗಿಸಿದ್ದು, ಎಷ್ಟನ್ನು ಬಿಚ್ಚಿಸಿದ್ದು, ಜೊತೆಗೆ ಯಾರಿದ್ದರು ಎಲ್ಲವೂ ಕಾಗದಕ್ಕೆ ಬರಬೇಕು. "ದಾಸ್ತಾನು ಪರಿಶೀಲಿಸಲಾಗಿದೆ" ಎಂಬ ಒಂದು ಸಾಲಿಗೆ ನಾನು ಮೂರು ಕಾಸಿನ ಬೆಲೆ ಕೊಡುವುದಿಲ್ಲ.

ಬೆಳೆಸಾಲ ಇನ್ನೂ ಸೂಕ್ಷ್ಮ. ಶೂನ್ಯ ಬಡ್ಡಿಯ ಸೌಲಭ್ಯ ಉಳಿಯಬೇಕಾದರೆ ಗಡುವಿನೊಳಗೆ ಅಸಲು ಕಟ್ಟಬೇಕು. ಹಣ ಕೈಗೆ ಬಾರದೆಯೇ ಹಳೆಯ ಸಾಲ ತೀರಿತೆಂದು, ಹೊಸದು ಕೊಟ್ಟೆವೆಂದು ಬರೆಯುವ ಹೊಂದಾಣಿಕೆ ಊರಿನವರಿಗೆ ಗೊತ್ತಿಲ್ಲದ್ದಲ್ಲ. ತಂತ್ರಾಂಶದಲ್ಲಿ ಎರಡೂ ನಮೂದು ಚೊಕ್ಕವಾಗಿ ತಾಳೆಯಾಗುತ್ತವೆ. ಯಾವ ಸದಸ್ಯರ ಮನೆಗೆ ಹೋಗಿ ಪಾಸ್‌ಬುಕ್ ಕೇಳಬೇಕು ಎಂದು ಆರಿಸಬೇಕಾದವರು ಪರಿಶೋಧಕರು. ಕಂಪ್ಯೂಟರ್ ಇದ್ದರೆ ಸಾಕು ಎನ್ನುವವರು ನೆನಪಿಡಲಿ, ಸತ್ಯಂ ಕಂಪ್ಯೂಟರ್ ಕಂಪನಿಯೇ ಆಗಿತ್ತು. 2009ರ ಜನವರಿಯಲ್ಲಿ ಅದರ ಅಧ್ಯಕ್ಷರೇ ಒಪ್ಪಿಕೊಂಡಂತೆ, ಲೆಕ್ಕದಲ್ಲಿದ್ದ 5,000 ಕೋಟಿಗೂ ಮೀರಿದ ನಗದು, ಬ್ಯಾಂಕ್ ಶಿಲ್ಕು ಇರಲೇ ಇಲ್ಲ.

ಒಂದು ಆಕ್ಷೇಪವನ್ನು ಮಾತ್ರ ತಳ್ಳಿಹಾಕಲಾರೆ. ಒಬ್ಬರೇ ಕಾರ್ಯದರ್ಶಿ ನಡೆಸುವ ಸಂಘ, ಕಡಿಮೆ ಶುಲ್ಕ, ಒಬ್ಬ ಪರಿಶೋಧಕರ ತಲೆಯ ಮೇಲೆ ಹತ್ತಾರು ಸಂಘ: ಇವರಿಗೆ ದೊಡ್ಡ ಕಂಪನಿಯ ಹಾಗೆ ಕಟ್ಟುಗಟ್ಟಲೆ ಬರೆಯಲು ಆದೀತೇ? ಆಗದು, ಬೇಕಾಗಿಯೂ ಇಲ್ಲ. ಚಾರ್ಟರ್ಡ್ ಅಕೌಂಟೆಂಟರು ಪಾಲಿಸಬೇಕಾದ ಲೆಕ್ಕಪರಿಶೋಧನಾ ಮಾನದಂಡ 230 ಸಣ್ಣ ಸಂಸ್ಥೆಗೆ ರಿಯಾಯಿತಿ ಕೊಡುತ್ತದೆ. ಯೋಜನೆ, ಅಪಾಯ, ತೀರ್ಮಾನ ಎಲ್ಲವನ್ನೂ ಒಂದೇ ಕಡೆ ಚಿಕ್ಕದಾಗಿ ಬರೆಯಬಹುದು. ಆದರೆ ಆ ಆಡಿಟಿನ ಗಂಧಗಾಳಿ ಇಲ್ಲದ ಇನ್ನೊಬ್ಬ ಅನುಭವಿ ಪರಿಶೋಧಕರು ಕಡತ ಬಿಚ್ಚಿದರೆ, ಏನು ಮಾಡಿದರು, ಏನು ಸಿಕ್ಕಿತು, ಈ ತೀರ್ಮಾನ ಏಕೆ ಎಂಬುದು ತಿಳಿಯಬೇಕು. ವರದಿಯ ದಿನದಿಂದ 60 ದಿನದೊಳಗೆ ಕಡತ ಜೋಡಿಸಿ ಮುಗಿಸುವುದು ವಾಡಿಕೆ. ಆಮೇಲೆ, ಕಾಯ್ದಿಡಬೇಕಾದ ಅವಧಿ ಮುಗಿಯುವ ತನಕ, ಅದರಿಂದ ಒಂದು ಹಾಳೆಯನ್ನೂ ಕೀಳುವಂತಿಲ್ಲ. ಸಣ್ಣ ಸಂಘಕ್ಕೂ ಇದು ಹೊರೆಯೆಂದು ನನಗನ್ನಿಸದು.

"ಎಲ್ಲ ನಮ್ಮವರೇ, ನಂಬಿಕೆ ಮುಖ್ಯ" ಎನ್ನುವವರು 2020ರ ಜನವರಿಯಲ್ಲಿ, 35,000 ರೂಪಾಯಿಗಿಂತ ಹೆಚ್ಚು ತೆಗೆಯಲಾಗದೆ ಕಂಗೆಟ್ಟ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರನ್ನು ಕೇಳಲಿ.

ಪರಿಶೋಧಕರ ಕಡತ ಸದಸ್ಯರ ಕೈಗೆ ಬರುವುದಿಲ್ಲ, ವರದಿ ಮಾತ್ರ ಬರುತ್ತದೆ. ಆದ್ದರಿಂದ ಸೆಪ್ಟೆಂಬರಿನ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ: ಪರಿಶೋಧಕರು ಗೋದಾಮಿಗೆ ಯಾವ ದಿನ ಬಂದರು, ಎಷ್ಟು ಸದಸ್ಯರ ಪಾಸ್‌ಬುಕ್ ತಾಳೆ ನೋಡಿದರು? ಉತ್ತರ ಬರುವ ತನಕ ವರದಿಗೆ ಕೈ ಎತ್ತಬೇಡಿ.