ನಿಂತ ಲಾರಿ, ಓಡುವ ಊರು

ಸುರತ್ಕಲ್‌ನಿಂದ ಹೊರಟ ರೋರೋ ರೈಲು ಮೂಲ್ಕಿ ದಾಟಿ, ನಂದಿಕೂರು ನಿಲ್ದಾಣವನ್ನು ಹಾದು ಬಡಗಲಾಗಿ ಸಾಗುವುದನ್ನು ಈ ಕಡೆಯವರು ನೋಡಿಯೇ ಇರುತ್ತಾರೆ. ಚಪ್ಪಟೆ ಬೋಗಿಗಳ ಮೇಲೆ ಸರಕು ತುಂಬಿದ ಲಾರಿಗಳ ಸಾಲು. ಎಂಜಿನ್ ಆರಿಸಿದ ಚಾಲಕ ಕ್ಯಾಬಿನ್ನಿನಲ್ಲೇ ಕಾಲು ಚಾಚಿರುತ್ತಾನೆ. ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಯುವ ಹೊತ್ತಿಗೆ ಲಾರಿ ಏಳ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ. ಅದರ ಮೀಟರು ಮಾತ್ರ ಸುರತ್ಕಲ್ಲಿನಲ್ಲಿ ಎಷ್ಟಿತ್ತೋ ಅಷ್ಟೇ ತೋರಿಸುತ್ತದೆ. ಹಾಗಾದರೆ ಲಾರಿ ಓಡಿತೋ, ನಿಂತಿತ್ತೋ?

ಎರಡೂ ಸರಿ. ಬೋಗಿಯ ಲೆಕ್ಕದಲ್ಲಿ ನಿಂತಿತ್ತು, ಪ್ಲಾಟ್‌ಫಾರ್ಮಿನ ಲೆಕ್ಕದಲ್ಲಿ ಓಡಿತು. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ‘ಯಾವುದರಿಂದ ದೂರ?’ ಎಂದು ಅವರು ಕೇಳುವಂತೆ ಮಾಡುವುದಿಲ್ಲ. ನನ್ನ ಮಟ್ಟಿಗೆ ಚಲನೆಯ ಪಾಠ ಶುರುವಾಗಬೇಕಾದದ್ದೇ ಅಲ್ಲಿಂದ.

ಈ ಪ್ರಶ್ನೆ ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ಕ್ರಿ.ಶ. 499ರ ಹೊತ್ತಿನ ‘ಆರ್ಯಭಟೀಯ’ದ ಗೋಲಪಾದದಲ್ಲಿ ಆರ್ಯಭಟ ದೋಣಿಯ ದೃಷ್ಟಾಂತ ಕೊಡುತ್ತಾನೆ. ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದಲ್ಲಿ ಕದಲದೆ ನಿಂತದ್ದೆಲ್ಲ ಹಿಂದಕ್ಕೆ ಸರಿಯುವಂತೆ ಕಾಣುತ್ತದೆ. ನಿಂತಲ್ಲೇ ನಿಂತ ನಕ್ಷತ್ರಗಳು ಪಡುವಣಕ್ಕೆ ಸರಿಯುವಂತೆ ನಮಗೆ ಕಾಣುವುದೂ ಹಾಗೆಯೇ. ಮೂಲ್ಕಿಯ ಅಳಿವೆಯಲ್ಲಿ ದೋಣಿ ಹತ್ತಿದ ಯಾರಿಗಾದರೂ ಇದು ಗೊತ್ತು. ಅದೇ ಅನುಭವದಿಂದ ಭೂಮಿ ತಿರುಗುತ್ತಿದೆ ಎಂಬಲ್ಲಿಗೆ ಹೋದದ್ದು ಆ ಮಹಾನುಭಾವನ ಧೈರ್ಯ.

ನಂದಿಕೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿಯ ತಿರುಗುವಿಕೆಯನ್ನು ಅಲ್ಲಿಗೆ ಲೆಕ್ಕ ಹಾಕಿದರೆ ಇಡೀ ಊರು, ಅದರ ಗದ್ದೆ, ದೇವಸ್ಥಾನ, ರೈಲ್ವೆ ಹಳಿ ಸಮೇತ, ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಮೂಡಣಕ್ಕೆ, ಘಟ್ಟದ ಕಡೆಗೆ ಧಾವಿಸುತ್ತಿದೆ. ಘಟ್ಟವೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಮುಂದೆ ಹೋಗುತ್ತಿರುವುದರಿಂದ ನಡುವಿನ ದೂರ ಬದಲಾಗುವುದಿಲ್ಲ. ಮೈಗೇಕೆ ಇದು ತಿಳಿಯುವುದಿಲ್ಲ? ನಮ್ಮ ಒಳಕಿವಿಗೆ ತಿಳಿಯುವುದು ವೇಗವಲ್ಲ, ವೇಗದಲ್ಲಾಗುವ ಬದಲಾವಣೆ. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸು ತಿರುವಿನಲ್ಲಿ ವಾಲಿದಾಗ, ಬೆಳ್ಮಣ್ಣಿನಲ್ಲಿ ಗಕ್ಕನೆ ಬ್ರೇಕ್ ಹಾಕಿದಾಗ ಮೈಗೆ ಗೊತ್ತಾಗುತ್ತದೆ. ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ನಿದ್ದೆ ಬರುತ್ತದೆ.

ಚಲನೆಗೆ ಹೇಗೋ, ಇರುವ ಜಾಗಕ್ಕೂ ಹಾಗೆಯೇ ಒಂದು ನೆಲೆ ಬೇಕು. ಪಡುವಲಲ್ಲಿ ಕಡಲು, ಮೂಡಲಲ್ಲಿ ಘಟ್ಟ ಇರುವ ಈ ಸೀಮೆಯ ಹಿರಿಯರಿಗೆ ಅದು ಸದಾ ಕೈಗೆ ಸಿಗುವಂತಿತ್ತು. ಅಂಗಳದಲ್ಲಿಟ್ಟ ಚೆಂಬನ್ನೂ ಅವರು ‘ಮೂಡಾಯಿ’, ‘ಪಡ್ಡಾಯಿ’, ‘ತೆಂಕಾಯಿ’, ‘ಬಡಕಾಯಿ’ ಎಂದೇ ತೋರಿಸುತ್ತಿದ್ದರು. ಎಡ-ಬಲ ನಾವು ತಿರುಗಿದ ಕೂಡಲೇ ಅದಲುಬದಲಾಗುತ್ತವೆ, ಮೂಡು-ಪಡು ಆಗುವುದಿಲ್ಲ. ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ಭಾಷಿಕರು ಕೈಯಳತೆಯ ವಸ್ತುವನ್ನೂ ದಿಕ್ಕು ಹೇಳಿಯೇ ತೋರಿಸುವ ಬಗೆಯನ್ನು ಭಾಷಾವಿಜ್ಞಾನಿಗಳು ಬೆರಗಿನಿಂದ ದಾಖಲಿಸಿದ್ದಾರೆ. ಅಂಥದೇ ಸಂಪತ್ತು ನಮ್ಮ ಅಂಗಳದಲ್ಲೂ ಇತ್ತು. ಈಗ ದಾರಿ ತೋರಿಸುವ ಮೊಬೈಲ್ ನಕ್ಷೆ ನಾವು ತಿರುಗಿದತ್ತ ತಾನೂ ತಿರುಗುತ್ತದೆ. ಅದನ್ನೇ ನಂಬಿದ ಮಗುವಿಗೆ ಮನೆ ತಲುಪಲು ಗೊತ್ತು. ಮನೆಯಿಂದ ಕಡಲು ಯಾವ ಕಡೆ ಎಂದರೆ ಗೊತ್ತಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಕಾಪು, ಕಾರ್ಕಳ ಭಾಗದ ಶಿಕ್ಷಕರಲ್ಲಿ ಒಂದು ಕೋರಿಕೆ. ಚಲನೆಯ ಅಧ್ಯಾಯ ಬಂದಾಗ ಮಕ್ಕಳನ್ನು ನಂದಿಕೂರು ನಿಲ್ದಾಣಕ್ಕೆ ಕರೆದೊಯ್ಯಿರಿ. ಮೊದಲು ನಾಲ್ಕು ದಿಕ್ಕುಗಳನ್ನು ಅವರಿಂದಲೇ ಗುರುತು ಮಾಡಿಸಿ. ಆಮೇಲೆ ಹಳಿಯಿಂದ ದೂರ ನಿಲ್ಲಿಸಿ, ರೋರೋ ಹಾದುಹೋಗುವಾಗ ಲಾರಿ ಓಡುತ್ತಿದೆಯೇ ಎಂದು ಕೇಳಿ. ಅವರು ವಾದ ಮಾಡಲಿ, ಸೂತ್ರ ನಾಳೆ ಹೇಳಿಕೊಟ್ಟರಾಯಿತು.