ಈರುಳ್ಳಿ ಬೀಜಕ್ಕೆ ನಮ್ಮ ಚಳಿಗಾಲವೇ ಆಸರೆ

ಮುಂಗಾರು ಬಂದೊಡನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ರೈತರು ಈರುಳ್ಳಿ ಬೀಜಕ್ಕಾಗಿ ಅಲೆಯುವುದುಂಟು. ಕೊಂಡ ಬಿಡಿ ಬೀಜ ಯಾವ ತಳಿಯದು, ಯಾವ ವರ್ಷದ್ದು ಎಂಬುದು ಬಿತ್ತಿದ ಮೇಲೆಯೇ ತಿಳಿಯುತ್ತದೆ. ಸಾಧಾರಣವಾಗಿ ಇಟ್ಟ ಈರುಳ್ಳಿ ಬೀಜದ ಮೊಳೆಯುವ ಶಕ್ತಿ ಒಂದು ವರ್ಷದೊಳಗೇ ಕುಗ್ಗುತ್ತದೆ. ಹಳೆಯ ಬೀಜ ಬಿತ್ತಿದವನಿಗೆ ಹಣದ ಜೊತೆಗೆ ಹದವೂ ಹೋಗುತ್ತದೆ. ಆದ್ದರಿಂದ ಬೀಜವನ್ನು ನಾವೇ ಬೆಳೆದುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಹಿಮ ಬೀಳುವ ದೇಶಗಳಲ್ಲಿ ಅಮರಿಲ್ಲಿಸ್ ಹೂವಿನ ಗಡ್ಡೆಗಳನ್ನು ಚಳಿಗೆ ಸಾಯದಂತೆ ಮನೆಯೊಳಗಿಟ್ಟು ಕಾಪಾಡುತ್ತಾರೆ. ಅದೇ ಕುಟುಂಬಕ್ಕೆ ಸೇರಿದ ನಮ್ಮ ಈರುಳ್ಳಿಗೆ ಇಲ್ಲಿನ ಹಿತವಾದ ಚಳಿ ವೈರಿಯಲ್ಲ. ಗಡ್ಡೆಯಿಂದ ಹೂದಂಟು ಹೊರಡಲು ತಂಪು ಬೇಕೇ ಬೇಕು. ಬಯಲುಸೀಮೆಯ ತಳಿಗಳಿಗೆ ಡಿಸೆಂಬರ್–ಜನವರಿಯ ರಾತ್ರಿಗಳ ತಂಪು ಸಾಕಾಗುತ್ತದೆ.

ಮುಂಗಾರಿನ ಗಡ್ಡೆ ಹೆಚ್ಚು ದಿನ ಕೆಡದೆ ಉಳಿಯದು. ಕಿತ್ತು ಒಣಗಿಸಿ, ಎರಡು ಮೂರು ವಾರಗಳಲ್ಲಿ, ನವೆಂಬರ್ ಮುಗಿಯುವುದರೊಳಗೆ ನೆಡಬೇಕು. ತಳಿಯ ಬಣ್ಣ, ಆಕಾರವುಳ್ಳ, ಸಣ್ಣ ಕುತ್ತಿಗೆಯ ಗಟ್ಟಿ ಗಡ್ಡೆಗಳನ್ನೇ ಆರಿಸಿರಿ. ಜೋಡಿಗಡ್ಡೆ, ದಪ್ಪ ಕುತ್ತಿಗೆಯವು, ಮೊದಲೇ ಹೂದಂಟು ಬಿಟ್ಟವು ಬೇಡ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಡ್ಡೆಯಿಂದ ಗಡ್ಡೆಗೆ ಒಂದು ಅಡಿ ಇರಲಿ. ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸಬಾರದು. ಜೇನುನೊಣ ಬಾರದಿದ್ದರೆ ಕಾಳು ಕಟ್ಟುವುದಿಲ್ಲ. ಗೊಂಚಲಿನಲ್ಲಿ ಕರಿಯ ಕಾಳು ಅಲ್ಲಲ್ಲಿ ಕಾಣತೊಡಗಿದಾಗ, ಉದುರುವ ಮೊದಲೇ, ಎರಡು ಮೂರು ಸಲ ಬಿಡಿಸಿ ನೆರಳಿನಲ್ಲಿ ಒಣಗಿಸಿರಿ. ಆ ಬೀಜ ಬರುವ ಮುಂಗಾರಿಗೇ ಒದಗುತ್ತದೆ.

"ನೀರೆಲ್ಲಿದೆ?" ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದುದೇ. ಚಳಿಗಾಲದಲ್ಲಿ ನೀರು ಎಲ್ಲರಿಗೂ ಇಲ್ಲ. ಮೇಲಾಗಿ ಒಂದು ಕಿಲೋಮೀಟರ್ ಒಳಗೆ ಬೇರೆ ತಳಿಯ ಈರುಳ್ಳಿ ಹೂ ಬಿಟ್ಟರೆ ಜೇನುನೊಣಗಳಿಂದ ತಳಿ ಬೆರೆತುಹೋಗುತ್ತದೆ. ಆದುದರಿಂದ ಇದು ಒಬ್ಬನಿಂದ ಆಗುವ ಕೆಲಸವಲ್ಲ. ಊರಿನವರು ಕೂಡಿ ಬಳ್ಳಾರಿ ಕೆಂಪು ಅಥವಾ ಅರ್ಕಾ ಕಲ್ಯಾಣದಂತಹ ಒಂದೇ ತಳಿಯನ್ನು ಒಪ್ಪಿಕೊಳ್ಳಲಿ. ನೀರಿನ ಅನುಕೂಲವುಳ್ಳ ಇಬ್ಬರು ಮೂವರು ಬೀಜ ಬೆಳೆಯಲಿ, ಉಳಿದವರು ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಲಿ. ಹೈಬ್ರಿಡ್ ಬೆಳೆಯಿಂದ ಮಾತ್ರ ಬೀಜ ಹಿಡಿಯಬಾರದು, ಅದು ಮುಂದಿನ ಪೀಳಿಗೆಯಲ್ಲಿ ಒಡೆಯುತ್ತದೆ.

ಈರುಳ್ಳಿಯ ಬೆಲೆ ನಮ್ಮ ಕೈಯಲ್ಲಿಲ್ಲ. ಬೀಜವಾದರೂ ನಮ್ಮ ಕೈಯಲ್ಲಿರಲಿ. ಈ ಸಲ ಗಡ್ಡೆ ಕೀಳುವಾಗಲೇ ಒಳ್ಳೆಯವನ್ನು ಬೇರೆ ತೆಗೆದಿಡಿರಿ.