ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಟಿಲ್ಲರ್ ಕೊಂಡ ದಿನ ನೆನಪಿಸಿಕೊಳ್ಳಿ

ಪಿಯುಸಿ ಫಲಿತಾಂಶ ಬಂದು ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ಗುಡವಿಯ ಸುತ್ತಮುತ್ತಲಿನ ಮನೆಗಳಿಂದ ನನಗೆ ಫೋನ್ ಬರಲು ಶುರುವಾಗುತ್ತದೆ. ಸುದ್ದಿ ಕೊಡಲು ಅಲ್ಲ, “ಯಾವ ಲ್ಯಾಪ್‌ಟಾಪ್ ತಗೊಳ್ಳೋದು?” ಎಂದು ಕೇಳಲು. ಪತ್ರಿಕೆಗೆ ಸುದ್ದಿ ಕಳಿಸುವವನಿಗೆ ಕಂಪ್ಯೂಟರ್ ವಿಷಯವೆಲ್ಲ ಗೊತ್ತು ಎಂಬುದು ನಮ್ಮ ಕಡೆಯ ನಂಬಿಕೆ.

ಹೋದ ಸಲ ಹೀಗೆ ಕರೆ ಮಾಡಿದವರು ನಾನು ಚಿಕ್ಕಪ್ಪ ಎಂದೇ ಕರೆಯುವ, ಶುಂಠಿ ಬೆಳೆಯುವ ರೈತರೊಬ್ಬರು. ಮಗಳಿಗೆ ಶಿವಮೊಗ್ಗದಲ್ಲಿ ಬಿಸಿಎ ಸೀಟು ಸಿಕ್ಕಿತ್ತು. “ಅಲ್ಲ ಮಾರಾಯ, ಅವಳಿಗೆ ಕಚ್ಚಿದ ಸೇಬಿನ ಗುರುತಿಂದೇ ಬೇಕಂತೆ. ಒಂದು ಲಕ್ಷ ಅಂತಾರೆ. ಅಂಗಡಿಯಲ್ಲಿ ಇಪ್ಪತ್ತೈದು ಸಾವಿರದ್ದೂ ಇದೆ. ಎರಡರಲ್ಲೂ ಟೈಪ್ ಮಾಡಬಹುದು. ನಾಲ್ಕು ಪಟ್ಟು ಯಾಕೆ ಕೊಡಬೇಕು?”

ಪ್ರಶ್ನೆ ಸರಿಯಾದದ್ದೇ. ಶುಂಠಿ ರೇಟು ಯಾವ ವರ್ಷ ಏರುತ್ತದೆ, ಯಾವ ವರ್ಷ ಮಕಾಡೆ ಮಲಗುತ್ತದೆ ಎಂದು ಹೇಳಲಾಗದ ಮನೆಯಲ್ಲಿ ಒಂದು ಲಕ್ಷ ಎಂದರೆ ಹಾಸ್ಟೆಲ್ ಖರ್ಚು, ಗೊಬ್ಬರದ ಬಾಕಿ ಎರಡೂ ಹೌದು. ಆದರೆ ಚಿಕ್ಕಪ್ಪನ ಲೆಕ್ಕದಲ್ಲಿ ಒಂದು ತಪ್ಪಿತ್ತು. ಲಕ್ಷದ್ದು ಅಥವಾ ಇಪ್ಪತ್ತೈದು ಸಾವಿರದ್ದು, ಇವೆರಡೇ ದಾರಿ ಎಂದುಕೊಂಡಿದ್ದರು. ನಮ್ಮೂರಿನ ಹೆಚ್ಚಿನ ಮನೆಗಳಿಗೆ ಎರಡೂ ಸರಿಯಾದ ದಾರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ದುಬಾರಿ ಯಂತ್ರಕ್ಕೆ ನ್ಯಾಯ ಸಲ್ಲಿಸೋಣ. ಆಪಲ್ ಕಂಪನಿಯ ಎಂ4 ಮ್ಯಾಕ್‌ಬುಕ್ ಏರ್ 2025ರ ಮಾರ್ಚಿನಲ್ಲಿ ಭಾರತದಲ್ಲಿ 99,900 ರೂಪಾಯಿಗೆ ಮಾರಾಟಕ್ಕೆ ಬಂತು. ಅಷ್ಟೂ ದುಡ್ಡು ಬರೀ ಗುರುತಿಗಲ್ಲ. ಆಪಲ್ 2020ರಲ್ಲಿ ತನ್ನದೇ ಚಿಪ್ ಹಾಕಿ ಎಂ1 ಏರ್ ತಂದ ಮೇಲೆ ಈ ಯಂತ್ರಗಳು ಒಮ್ಮೆ ಚಾರ್ಜ್ ಮಾಡಿದರೆ ಇಡೀ ದಿನ ಓಡುತ್ತವೆ. ಒಳಗೆ ಫ್ಯಾನ್ ಇಲ್ಲ, ಹಾಗಾಗಿ ದೂಳು ಎಳೆದುಕೊಳ್ಳುವುದೂ ಕಡಿಮೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲದ ಊರಿನಲ್ಲಿ ಇಡೀ ದಿನದ ಬ್ಯಾಟರಿ ಶೋಕಿಯಲ್ಲ. 2020ರ ಆ ಯಂತ್ರಕ್ಕೆ 2025ರಲ್ಲಿ ಬಂದ ಹೊಸ ಆವೃತ್ತಿಯ ತಂತ್ರಾಂಶವೂ ಸಿಕ್ಕಿದೆ. ಅಂದರೆ ಐದು ವರ್ಷವಾದರೂ ಕಂಪನಿ ಕೈಬಿಟ್ಟಿಲ್ಲ. ಮಾರಿದರೆ ಒಳ್ಳೆಯ ಬೆಲೆಯೂ ಬರುತ್ತದೆ.

ಇನ್ನೊಂದು ಬದಿಯನ್ನೂ ನೋಡಿ. ಆ ಏರ್‌ನಲ್ಲಿ ರ‍್ಯಾಮ್ ಮತ್ತು ಸ್ಟೋರೇಜ್ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮೂರು ವರ್ಷದ ಮೇಲೆ ಸಾಲದು ಅನಿಸಿದರೆ ಹೆಚ್ಚಿಸಲು ಆಗುವುದಿಲ್ಲ. ಬೋರ್ಡು ಹೋದರೆ ಸೊರಬದ ಅಂಗಡಿಯವರು ಕೈಮುಗಿಯುತ್ತಾರೆ. ರಿಪೇರಿಯ ಬಿಲ್ಲು ಒಂದು ಹೊಸ ಸಾಧಾರಣ ಲ್ಯಾಪ್‌ಟಾಪ್‌ನ ಬೆಲೆಗೆ ಹತ್ತಿರ ಹೋಗಬಹುದು. ಇನ್ನು ನಮ್ಮ ಕೆಲಸಗಳು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಮಾಡಿದ್ದು ವಿಂಡೋಸ್‌ಗಾಗಿ. ಮ್ಯಾಕ್‌ನಲ್ಲಿ ಯುನಿಕೋಡ್ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ನುಡಿಯ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ ಕಡತ ಕೈಗೆ ಬಂದಾಗ ಪರದಾಟ ಶುರು. ಸೇವಾ ಕೇಂದ್ರ ಇಡುವ ಆಸೆಯಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಾಧನಕ್ಕೂ ವಿಂಡೋಸ್ ಇದ್ದರೇ ಸಲೀಸು.

ಹಾಗಾದರೆ ಇಪ್ಪತ್ತೈದು ಸಾವಿರದ ಹೊಸದು? ಅದು ನನಗೆ ಅನುಭವದ ಮಾತು. ನಾನು ಮೊದಲು ಕೊಂಡದ್ದು ಅಂಥದ್ದೇ. ಎರಡನೇ ಮಳೆಗಾಲಕ್ಕೆ ಮುಚ್ಚಳದ ಕೀಲು ಬಿರುಕು ಬಿಟ್ಟಿತು. ಸರ್ವಿಸ್ ಸೆಂಟರಿನವರು ಇವತ್ತು ಬನ್ನಿ, ಭಾಗ ಬಂದಿಲ್ಲ, ಮುಂದಿನ ವಾರ ಬನ್ನಿ ಎಂದು ಮೂರು ಸಲ ಶಿವಮೊಗ್ಗಕ್ಕೆ ಓಡಾಡಿಸಿದರು. ಪ್ರತಿ ಸಲ ಒಂದು ದಿನ ಹಾಳು, ಬಸ್ಸಿನ ಖರ್ಚು ಬೇರೆ. ಅಷ್ಟು ದಿನ ಸುದ್ದಿಯನ್ನು ಫೋನಿನಲ್ಲೇ ಒತ್ತಿ ಕಳಿಸಿದೆ. ಉಳಿಸಿದೆ ಎಂದುಕೊಂಡ ದುಡ್ಡು ಕಂತುಕಂತಾಗಿ ಹೊರಟು ಹೋಯಿತು.

ತೀರಾ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಕೆಲವದರಲ್ಲಿ ಸೆಲೆರಾನ್‌ನಂಥ ದುರ್ಬಲ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರುತ್ತದೆ. ವಿಂಡೋಸ್ ಒಂದೇ ಅದರ ದೊಡ್ಡ ಪಾಲನ್ನು ತಿಂದು ಹಾಕುತ್ತದೆ. ಅಪ್‌ಡೇಟ್ ಬಂದಾಗ ಜಾಗವಿಲ್ಲ ಎನ್ನುತ್ತದೆ. ಬಿಸಿಎ ಓದುವ ಹುಡುಗಿ ಒಂದು ಪ್ರೋಗ್ರಾಂ ತೆರೆದು, ಪಕ್ಕದಲ್ಲಿ ಬ್ರೌಸರ್ ತೆರೆದರೆ ಯಂತ್ರ ಕಣ್ಣುಮುಚ್ಚಿ ಕೂರುತ್ತದೆ.

ಹಳ್ಳಿಯವರಿಗೆ ಅಗ್ಗದ್ದು ಕೊಟ್ಟರೆ ಸಾಕು ಎಂಬ ಯೋಚನೆ ಸೋತದ್ದನ್ನು ನಮ್ಮ ದೇಶ ನೋಡಿದೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ಆಕಾಶ್ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಸರ್ಕಾರಕ್ಕೆ ಬಿದ್ದ ಬೆಲೆ ಎರಡೂಕಾಲು ಸಾವಿರದ ಆಸುಪಾಸು. ದೊಡ್ಡ ಸುದ್ದಿಯಾಯಿತು. ಆದರೆ 256 ಎಂಬಿ ರ‍್ಯಾಮ್, ಒತ್ತಿ ಒತ್ತಿ ಮುಟ್ಟಬೇಕಾದ ಪರದೆ, ಬೇಗ ಖಾಲಿಯಾಗುವ ಬ್ಯಾಟರಿ. ಬಳಸಿದವರು ದೂರಿದ್ದೇ ದೂರಿದ್ದು. ಅದಕ್ಕೂ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಮಾಡಿದ್ದರು. ಓದಲು ಬಾರದವರಿಗೂ ನಮ್ಮ ಭಾಷೆಗಳಲ್ಲೇ ಅದು ಓದಿ ಹೇಳಬೇಕು ಎಂಬುದು ಅವರ ಆಸೆ. ಆ ಯೋಚನೆ ಆಕಾಶ್‌ಗಿಂತ ಎಷ್ಟೋ ಮೇಲು. ಆದರೆ 2004ರಲ್ಲಿ ಅಂಗಡಿಗೆ ಬರುವ ಹೊತ್ತಿಗೆ ಬೆಲೆ ಸುಮಾರು ಹತ್ತು ಸಾವಿರದಿಂದ ಶುರುವಾಗುತ್ತಿತ್ತು. ಹಳ್ಳಿಯ ಕೈಗೆ ಅದು ಎಟುಕಲಿಲ್ಲ. ಒಂದು ಬಾಳಿಕೆಯಲ್ಲಿ ಸೋತಿತು, ಇನ್ನೊಂದು ಬೆಲೆಯಲ್ಲಿ.

ಇಲ್ಲಿ ನಾನು ಚಿಕ್ಕಪ್ಪನಿಗೆ ಒಂದು ಮಾತು ಕೇಳಿದೆ. “ಟಿಲ್ಲರ್ ತಗೊಂಡಾಗ ಮೊದಲು ಏನು ಕೇಳಿದ್ರಿ ಚಿಕ್ಕಪ್ಪ?”

“ಇನ್ನೇನು ಕೇಳ್ತಾರೆ? ಸ್ಪೇರು ಎಲ್ಲಿ ಸಿಗುತ್ತೆ, ರಿಪೇರಿ ಮಾಡೋನು ಯಾರು ಅಂತ.”

ಅಷ್ಟೇ. ಟಿಲ್ಲರ್, ಪಂಪ್‌ಸೆಟ್, ಅಡಿಕೆ ಸುಲಿಯುವ ಯಂತ್ರ, ಯಾವುದನ್ನೇ ಕೊಳ್ಳುವಾಗ ನಾವು ಬಣ್ಣ ನೋಡುವುದಿಲ್ಲ. ನಾಟಿ ಹೊತ್ತಿಗೆ ಕೆಟ್ಟು ನಿಂತರೆ ಸೊರಬದಲ್ಲೋ ಶಿಕಾರಿಪುರದಲ್ಲೋ ಬೆಲ್ಟು, ಬೇರಿಂಗು ಸಿಗಬೇಕು. ಸಿಗದಿದ್ದರೆ ಎಷ್ಟೇ ಒಳ್ಳೆಯ ಯಂತ್ರವಾದರೂ ಬೇಡ. ಎಷ್ಟೇ ಅಗ್ಗವಾದರೂ ಬೇಡ. ಇಷ್ಟು ಜಾಣತನ ಇರುವ ನಾವು ಲ್ಯಾಪ್‌ಟಾಪ್ ಅಂಗಡಿಗೆ ಹೋದಾಗ ಮಾತ್ರ ಅದನ್ನು ಹೊರಗೆ ಬಿಟ್ಟು ಹೋಗುತ್ತೇವೆ.

ಟಿಲ್ಲರ್ ಲೆಕ್ಕ ಹಾಕಿದರೆ ಮೂರನೇ ದಾರಿ ಕಾಣುತ್ತದೆ. ಒಂದೇ ಕಂಪನಿ ಎರಡು ಜಾತಿಯ ಲ್ಯಾಪ್‌ಟಾಪ್ ಮಾಡುತ್ತದೆ. ಮನೆ ಬಳಕೆಗೆ ಒಂದು, ಕಚೇರಿಗಳಿಗೆ ಒಂದು. ಲೆನೋವೋದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್ ಇವು ಕಚೇರಿ ಸಾಲಿನವು. ಹೊಸದಾಗಿ ಕೊಂಡರೆ ಇವೂ ದುಬಾರಿಯೇ. ಆದರೆ ಬೆಂಗಳೂರಿನ ಐಟಿ ಕಂಪನಿಗಳು ಇವನ್ನು ಕೆಲವು ವರ್ಷ ಬಳಸಿ ಒಟ್ಟಿಗೆ ವಿಲೇವಾರಿ ಮಾಡುತ್ತವೆ. ಅವು ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗೆ ಬಂದು, ಅಲ್ಲಿಂದ ಜಿಲ್ಲಾ ಕೇಂದ್ರದ ಅಂಗಡಿಗಳಿಗೂ ಬರುತ್ತವೆ. ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದುಂಟು. ಕೀಲು ಗಟ್ಟಿ. ಕೀಬೋರ್ಡ್ ಗಟ್ಟಿ. ಹಲವು ಮಾದರಿಗಳಲ್ಲಿ ರ‍್ಯಾಮ್, ಸ್ಟೋರೇಜ್, ಬ್ಯಾಟರಿ ಮೂರನ್ನೂ ಸ್ಕ್ರೂ ಬಿಚ್ಚಿ ಬದಲಿಸಬಹುದು. ಹೇಗೆ ಬಿಚ್ಚಬೇಕೆಂಬ ಕೈಪಿಡಿಯನ್ನು ಕಂಪನಿಗಳೇ ಇಂಟರ್ನೆಟ್‌ನಲ್ಲಿ ಇಟ್ಟಿವೆ.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ನಾಲ್ಕು ವಿಷಯ ನೋಡಲೇಬೇಕು.

ಒಂದು, ಪ್ರೊಸೆಸರ್ ಎಷ್ಟನೇ ತಲೆಮಾರಿನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು ಬೇಕು. 6ನೇ ತಲೆಮಾರಿನದನ್ನು “ಸೂಪರ್ ಇದೆ ಸಾರ್” ಎಂದು ಕೊಟ್ಟರೆ ತರಬೇಡಿ.

ಎರಡು, ಬ್ಯಾಟರಿ. ಎಷ್ಟು ಸವೆದಿದೆ ಎಂಬ ವರದಿ ವಿಂಡೋಸ್‌ನಲ್ಲೇ ಸಿಗುತ್ತದೆ. ಅಂಗಡಿಯವರಿಂದ ನಿಮ್ಮೆದುರೇ ತೆಗೆಸಿ.

ಮೂರು, ಹಳೆಯ ಕಂಪನಿಯ ಬೀಗ. ಪಾಸ್‌ವರ್ಡ್ ಕೇಳುತ್ತದೆಯೇ, ಯಾವುದೋ ಕಂಪನಿಯ ಹೆಸರು ಪರದೆ ಮೇಲೆ ಬರುತ್ತದೆಯೇ ನೋಡಿ. ಬಂದರೆ ಬಿಟ್ಟು ಬನ್ನಿ.

ನಾಲ್ಕು, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು ಮತ್ತು ಅಂಗಡಿಯ ವಾರಂಟಿ. ಎಷ್ಟು ತಿಂಗಳು, ಏನೇನು ಸೇರಿದೆ ಎಂಬುದು ಬಿಲ್ಲಿನ ಮೇಲೇ ಇರಲಿ. ಬಾಯಿಮಾತಿನ ವಾರಂಟಿಯನ್ನು ಅಂಗಡಿ ಮೆಟ್ಟಿಲು ಇಳಿಯುವಾಗಲೇ ಮರೆತುಬಿಡಿ.

ಹೊಸದೇ ಬೇಕು ಎನ್ನುವವರಿಗೂ ಇದೇ ಲೆಕ್ಕ. ನಡುವಿನ ಬೆಲೆಯದರಲ್ಲಿ 16 ಜಿಬಿ ರ‍್ಯಾಮ್ ಇರುವ, ಇಲ್ಲವೇ ಮುಂದೆ ಹೆಚ್ಚಿಸಲು ಜಾಗವಿರುವ ಯಂತ್ರ ನೋಡಿ. ಕೈಯಲ್ಲಿ ನಾಲ್ಕೈದು ಸಾವಿರ ಮಿಕ್ಕಿದರೆ ತೆಳ್ಳಗಿನ ಮಾದರಿಗೆ ಸುರಿಯಬೇಡಿ. ಮನೆಗೇ ಬಂದು ರಿಪೇರಿ ಮಾಡುವ ಹೆಚ್ಚುವರಿ ವಾರಂಟಿ ಇದ್ದರೆ, ನಿಮ್ಮ ಊರಿನ ಪಿನ್‌ಕೋಡ್‌ಗೆ ಅದು ಸಿಗುತ್ತದೆಯೇ ಎಂದು ಕೇಳಿ ಅದಕ್ಕೆ ಹಾಕಿ.

ದುಬಾರಿಯದು ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ಮದುವೆ ವಿಡಿಯೋ ಎಡಿಟ್ ಮಾಡಿ ಜೀವನ ನಡೆಸುವವರಿಗೆ, ದಿನವಿಡೀ ಯಂತ್ರದ ಮೇಲೇ ಕೂತು ಸಂಪಾದಿಸುವವರಿಗೆ ಆ ವೇಗ, ಆ ಬ್ಯಾಟರಿ ದುಡಿದು ಕೊಡುತ್ತವೆ. ದುಡಿಯುವ ಯಂತ್ರಕ್ಕೆ ಸಾಲ ಮಾಡಬಹುದು. ಕಲಿಯುವ ಯಂತ್ರಕ್ಕೆ ಅಷ್ಟು ಬೇಕಿಲ್ಲ.

ಇಷ್ಟೆಲ್ಲ ಹೇಳಿ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಚಿಕ್ಕಪ್ಪನ ಕೈಯಿಂದ ಮಗಳು ಫೋನ್ ತಗೊಂಡಳು. “ಅಣ್ಣಾ, ನೀವು ಹೇಳೋದು ಸರಿ ಇರಬಹುದು. ಆದರೆ ನಮ್ಮಣ್ಣನಿಗೆ ಬೈಕ್ ಕೊಡಿಸುವಾಗ ಯಾರೂ ಟಿಲ್ಲರ್ ಲೆಕ್ಕ ಹಾಕಲಿಲ್ಲ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಮನೆಯದೊಂದೇ ಕಥೆಯಲ್ಲ ಇದು. ಹುಡುಗನ ಬೈಕಿಗೆ ಸಾಲ ಮಾಡುವ ಮನೆಗಳು ಹುಡುಗಿಯ ಓದಿನ ಯಂತ್ರ ಎಂದಾಗ ಮಾತ್ರ ಉಳಿತಾಯದ ಪಾಠ ತೆಗೆಯುತ್ತವೆ. “ಮದುವೆ ಆಗಿ ಹೋಗೋಳಿಗೆ ಅಷ್ಟು ಯಾಕೆ” ಎಂಬ ಮಾತನ್ನೂ ಕೇಳಿದ್ದೇನೆ. ಯಾವುದು ಬೆಲೆಗೆ ತಕ್ಕದ್ದು ಎಂದು ಬರೆಯುವ ನನ್ನಂಥವರು, ಆ ಲೆಕ್ಕವನ್ನು ಮನೆಯಲ್ಲಿ ಯಾರ ಮೇಲೆ ಮಾತ್ರ ಹಾಕಲಾಗುತ್ತದೆ ಎಂಬುದನ್ನೂ ಬರೆಯಬೇಕು.

ಅದಕ್ಕೆ ಚಿಕ್ಕಪ್ಪನಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಮಗಳಿಗೆ ಅಂತ ಒಂದು ಲಕ್ಷ ಎತ್ತಿಟ್ಟಿದ್ದರೆ ಆ ಲಕ್ಷ ಅವಳದ್ದೇ. ಕಚೇರಿ ಸಾಲಿನ ಗಟ್ಟಿ ಯಂತ್ರ ತಂದು ಉಳಿದದ್ದನ್ನು ಅವಳ ಹೆಸರಿನ ಖಾತೆಗೆ ಹಾಕಿ. ಮೂರು ವರ್ಷದಲ್ಲಿ ಬ್ಯಾಟರಿ, ಇಂಟರ್ನೆಟ್, ಯಾವುದಾದರೂ ಕೋರ್ಸು, ಕೆಲಸದ ಸಂದರ್ಶನಕ್ಕೆ ಬೆಂಗಳೂರಿಗೆ ಹೋಗಿಬರುವ ಖರ್ಚು, ಎಲ್ಲಕ್ಕೂ ಬೇಕಾಗುತ್ತದೆ. ಉಳಿದ ದುಡ್ಡು ಗೊಬ್ಬರದ ಬಾಕಿಗೆ ಹೋಗುವುದಾದರೆ ಅವಳು ಕೇಳಿದ್ದನ್ನೇ ಕೊಡಿಸಿ, ಕನಿಷ್ಠ ಅದಾದರೂ ಅವಳ ಕೈಯಲ್ಲಿರುತ್ತದೆ.

ಒಂದು ವಾರ ಮನೆಯಲ್ಲಿ ಮಾತುಕತೆ ನಡೆಯಿತಂತೆ. ಕೊನೆಗೆ ಅಪ್ಪ ಮಗಳು ಇಬ್ಬರೂ ಶಿವಮೊಗ್ಗಕ್ಕೆ ಹೋಗಿ ಬಳಸಿದ ಥಿಂಕ್‌ಪ್ಯಾಡ್ ಒಂದನ್ನು ತಂದರು. ಬ್ಯಾಟರಿ ವರದಿ ಕೇಳಿದವಳು ಅವಳೇ. ಅದು ಸವೆದಿದೆ ಎಂದು ಗೊತ್ತಾದಾಗ ಬೇರೆ ಹಾಕಿಸಿಕೊಂಡವಳೂ ಅವಳೇ. ದಸರೆ ರಜೆಗೆ ಊರಿಗೆ ಬಂದಾಗ ಸಿಕ್ಕಿದ್ದಳು. ಹಾಸ್ಟೆಲಿನಲ್ಲಿ ಬೆಳ್ಳಿಬಣ್ಣದ ಲ್ಯಾಪ್‌ಟಾಪ್‌ಗಳ ನಡುವೆ ತನ್ನ ಕಪ್ಪು ಡಬ್ಬಿ ತೆಗೆಯಲು ಮೊದಲ ತಿಂಗಳು ನಾಚಿಕೆಯಾಗುತ್ತಿತ್ತು ಎಂದಳು. ಈಗ ಆಗುತ್ತದೆಯೇ ಎಂದು ಕೇಳಿದೆ. “ಸ್ವಲ್ಪ” ಎಂದಳು. ಖಾತೆಯಲ್ಲಿ ದುಡ್ಡು ಇದೆಯೇ ಎಂದು ಕೇಳಿದೆ. ಪಾಸ್‌ಬುಕ್ ತನ್ನ ಹತ್ತಿರವೇ ಇದೆ ಎಂದಳು.